ಕೊಂದವರ ಹೆಸರಿಲ್ಲದ ಕಲ್ಲು

(ನಮ್ಮ ಬಡಾವಣೆಯ ಓದುಗರ ಬಳಗದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಾಡುವಾಗ ಬಿಟ್ಟುಹೋದ ಕೆಲವು ವಿವರಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಇತಿಹಾಸಕಾರ ಅಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನು. ಹಾಗಾಗಿ ಈ ವಿಷಯಕ್ಕೆ ನಾನು ಬಂದದ್ದು ವ್ಯಾಕರಣದ ದಾರಿಯಿಂದ.

ಮಗಳು, ಅಳಿಯ ಕೆಲಸದ ಮೇಲೆ ಅಮೆರಿಕದ ಯೂಟಾ ರಾಜ್ಯದಲ್ಲಿದ್ದಾರೆ. ಅವರ ಮನೆಗೆ ಹೋಗಿದ್ದಾಗ ಒಂದು ದಿನ ಮೌಂಟನ್ ಮೆಡೋಸ್ ಎಂಬ ಜಾಗಕ್ಕೆ ಹೋದೆವು. ಸಾಲ್ಟ್ ಲೇಕ್ ಸಿಟಿಯಿಂದ ದಕ್ಷಿಣಕ್ಕೆ ಕಾರಿನಲ್ಲಿ ಸುಮಾರು ನಾಲ್ಕೂವರೆ ಗಂಟೆ. ಗುಡ್ಡಗಳ ನಡುವೆ ಉದ್ದಕ್ಕೆ ಚಾಚಿಕೊಂಡ ಹುಲ್ಲುಗಾವಲು, ಗಾಳಿ ಬಿಟ್ಟರೆ ಬೇರೆ ಸದ್ದಿಲ್ಲ. ಒಂದು ದಿಬ್ಬದ ಮೇಲೆ 1990ರಲ್ಲಿ ನಿಲ್ಲಿಸಿದ ಗ್ರಾನೈಟ್ ಕಲ್ಲಿದೆ. ಅದರ ಮೇಲೆ ಸತ್ತವರ ಹೆಸರುಗಳಿವೆ. ಬರಹದ ಸಾರ ಇಷ್ಟು: 1857ರ ಸೆಪ್ಟೆಂಬರ್ 7ರಿಂದ 11ರ ನಡುವೆ, ಕೆಳಗಿನ ಕಣಿವೆಯಲ್ಲಿ, ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದ ಅರ್ಕನ್ಸಾ ರಾಜ್ಯದ 120ಕ್ಕೂ ಹೆಚ್ಚು ಜನರ ತಂಡವೊಂದು ದಾಳಿಗೆ ಒಳಗಾಯಿತು.

ದಾಳಿಗೆ ಒಳಗಾಯಿತು. ಸರಿ, ದಾಳಿ ಮಾಡಿದವರು ಯಾರು? ಕಲ್ಲಿನಲ್ಲಿ ಇಲ್ಲ.

ನಾನು ಎರಡು ಮೂರು ಸಲ ಓದಿದೆ. ಮಗಳು ಹತ್ತಿರ ಬಂದು "ಏನಪ್ಪಾ, ಅಷ್ಟೊತ್ತಿಂದ ಏನು ನೋಡ್ತಾ ಇದ್ದೀರಿ?" ಅಂದಳು. "ಕರ್ತೃಪದ ಹುಡುಕ್ತಾ ಇದ್ದೀನಮ್ಮ" ಅಂದೆ.

ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ನಿಮಗೆಲ್ಲ ನೆನಪಿರಬಹುದು. ರಾಮನು ರಾವಣನನ್ನು ಕೊಂದನು. ರಾಮನಿಂದ ರಾವಣನು ಕೊಲ್ಲಲ್ಪಟ್ಟನು. ಎರಡನೆಯದರಲ್ಲಿ "ರಾಮನಿಂದ" ಅನ್ನುವುದನ್ನು ತೆಗೆದುಬಿಟ್ಟರೂ ವಾಕ್ಯ ನಿಲ್ಲುತ್ತದೆ. ರಾವಣನು ಕೊಲ್ಲಲ್ಪಟ್ಟನು, ಅಷ್ಟೇ. ಮನೆಯಲ್ಲಿ ನಾವು ಯಾರೂ ಹೀಗೆ ಮಾತಾಡುವುದಿಲ್ಲ ನಿಜ. ಆದರೆ ಮನೆಯಲ್ಲೂ ಇದಕ್ಕೊಂದು ದಾರಿ ಇದೆ, ಅಲ್ವಾ? ಮಗು ಬಂದು "ಅಮ್ಮಾ, ಲೋಟ ಒಡೆದುಹೋಯ್ತು" ಅನ್ನುತ್ತದೆ. "ಒಡೆದೆ" ಅನ್ನುವುದಿಲ್ಲ. ಲೋಟ ತಾನಾಗಿಯೇ ಒಡೆದುಹೋಗಿರುತ್ತದೆ.

ಮಾರ್ಮನ್ ಚರಿತ್ರೆಯ ಮೊದಲ ದಿನಗಳ ಬಗ್ಗೆ ಇವತ್ತಿಗೂ ನಡೆಯುವ ಜಗಳಗಳನ್ನು ಓದುತ್ತಾ ಹೋದ ಹಾಗೆ ನನಗೆ ಅನ್ನಿಸಿದ್ದು ಇದೇ. ಏನು ನಡೆಯಿತು ಅನ್ನುವುದರ ಬಗ್ಗೆ ಜಗಳ ಕಡಿಮೆ. ಯಾರು ಮಾಡಿದರು ಅಂತ ಬಾಯಿಬಿಟ್ಟು ಹೇಳುವುದರ ಬಗ್ಗೆಯೇ ಜಾಸ್ತಿ.

ಮಾರ್ಮನ್ ಅಂದರೆ ಯಾರು ಅಂತ ಕೆಲವರಿಗೆ ಪ್ರಶ್ನೆ ಇರಬಹುದು. ಅವರ ಚರ್ಚಿನ ಪೂರ್ತಿ ಹೆಸರು ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. ಈಗ ಅವರು ಆ ಪೂರ್ತಿ ಹೆಸರಿನಿಂದಲೇ ಕರೆಯಿರಿ ಅನ್ನುತ್ತಾರೆ. ನಾನು ಮಾತಾಡುತ್ತಿರುವುದು ಹಳೆಯ ಕಾಲದ ಬಗ್ಗೆ, ಅದಕ್ಕೆ ಹಳೆಯ ಹೆಸರನ್ನೇ ಬಳಸುತ್ತೇನೆ. ನಮಗೂ ಇವರು ತೀರಾ ದೂರದವರಲ್ಲ. ಬೆಂಗಳೂರಿನಲ್ಲಿ ಇವರ ಸಭೆಗಳಿವೆ, ಭಾರತದ ಮೊದಲ ಟೆಂಪಲನ್ನು ಬೆಂಗಳೂರಿನಲ್ಲೇ ಕಟ್ಟುತ್ತೇವೆ ಎಂದು 2018ರಲ್ಲಿ ಹೇಳಿದರು. ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಹೆಸರಿನ ಪಟ್ಟಿ ಹಾಕಿಕೊಂಡು ಜೋಡಿಯಾಗಿ ಓಡಾಡುವ ಹುಡುಗರನ್ನು ನಿಮ್ಮಲ್ಲಿ ಕೆಲವರು ನೋಡಿರಲೂಬಹುದು. ಮಗಳ ಅಕ್ಕಪಕ್ಕದ ಮನೆಯವರೂ ಇದೇ ಚರ್ಚಿನವರು. ತುಂಬಾ ಒಳ್ಳೆಯ ಜನ. ಹಿಮ ಬಿದ್ದ ದಿನ ಹೇಳದೆ ಕೇಳದೆ ಬಂದು ಬಾಗಿಲ ಮುಂದಿನ ಹಿಮ ತೆಗೆದುಕೊಟ್ಟು ಹೋಗುತ್ತಾರೆ. ಅವರ ಬಗ್ಗೆ ಕಹಿ ಇಟ್ಟುಕೊಂಡು ನಾನು ಇಲ್ಲಿ ನಿಂತಿಲ್ಲ.

ಚರ್ಚ್ ಶುರುವಾದದ್ದು 1830ರ ಏಪ್ರಿಲ್ 6ರಂದು, ನ್ಯೂಯಾರ್ಕ್ ರಾಜ್ಯದಲ್ಲಿ. ಕಟ್ಟಿದವರು ಜೋಸೆಫ್ ಸ್ಮಿತ್. ಆಗ ಅವರಿಗೆ ವಯಸ್ಸು ಇಪ್ಪತ್ನಾಲ್ಕು. ಅಲ್ಲಿಂದ ಓಹಾಯೋ, ಅಲ್ಲಿಂದ ಮಿಸೌರಿ, ಅಲ್ಲಿಂದ ಇಲಿನಾಯ್. ಹೋದಲ್ಲೆಲ್ಲ ಅಕ್ಕಪಕ್ಕದವರ ಜೊತೆ ಜಗಳ. ಕಾರಣಗಳು ಹಲವು. ಒಟ್ಟಿಗೆ ಬಂದು ನೆಲೆಸುತ್ತಿದ್ದರು, ಒಟ್ಟಿಗೆ ವೋಟು ಹಾಕುತ್ತಿದ್ದರು, ಒಟ್ಟಿಗೆ ಜಮೀನು ಕೊಳ್ಳುತ್ತಿದ್ದರು. ಹಳಬರಿಗೆ ಹೆದರಿಕೆಯಾಯಿತು.

ಮಿಸೌರಿಯ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಮುಂದಿನದಕ್ಕೆಲ್ಲ ಬೇರು ಅಲ್ಲೇ ಇದೆ. 1838ರ ಅಕ್ಟೋಬರ್ 27ರಂದು ಅಲ್ಲಿನ ಗವರ್ನರ್ ಲಿಲ್‌ಬರ್ನ್ ಬಾಗ್ಸ್ ಒಂದು ಆದೇಶ ಹೊರಡಿಸಿದರು. ಮಾರ್ಮನ್ನರನ್ನು ಶತ್ರುಗಳೆಂದು ನೋಡಬೇಕು, ಅವರನ್ನು ನಿರ್ನಾಮ ಮಾಡಬೇಕು ಇಲ್ಲವೇ ರಾಜ್ಯದಿಂದ ಓಡಿಸಬೇಕು ಅಂತ. ಒಂದು ರಾಜ್ಯದ ಗವರ್ನರ್ ತನ್ನದೇ ಪ್ರಜೆಗಳ ಬಗ್ಗೆ ಬರೆದದ್ದು ಇದು. ಮೂರು ದಿನಕ್ಕೆ, ಅಕ್ಟೋಬರ್ 30ರಂದು, ಹಾನ್ಸ್ ಮಿಲ್ ಎಂಬ ಪುಟ್ಟ ಊರಿನ ಮೇಲೆ ಸಶಸ್ತ್ರ ಗುಂಪೊಂದು ನುಗ್ಗಿತು. 17 ಮಾರ್ಮನ್ನರು ಸತ್ತರು. ಕಮ್ಮಾರಸಾಲೆಯೊಳಗೆ ಅಡಗಿದ್ದ ಹತ್ತು ವರ್ಷದ ಸಾರ್ಡಿಯಸ್ ಸ್ಮಿತ್ ಎಂಬ ಹುಡುಗನನ್ನು ಹೊರಗೆಳೆದು ಗುಂಡಿಟ್ಟರು. ಹೇನಿನ ಮೊಟ್ಟೆ ಬಿಟ್ಟರೆ ಹೇನಾಗುತ್ತದೆ ಅಂತ ಹೇಳಿ ಕೊಂದರಂತೆ. ಇದಕ್ಕಾಗಿ ಯಾರಿಗೂ ಶಿಕ್ಷೆ ಆಗಲಿಲ್ಲ. ಆ ಆದೇಶವನ್ನು ಮಿಸೌರಿ ಸರ್ಕಾರ ಹಿಂದಕ್ಕೆ ತೆಗೆದುಕೊಂಡದ್ದು ಯಾವಾಗ ಗೊತ್ತಾ? 1976ರಲ್ಲಿ.

ಇದು ಮಾರ್ಮನ್ ಮನೆಗಳಲ್ಲಿ ಮಕ್ಕಳಿಗೆ ಹೇಳುವ ಕಥೆ. ನಿಜವಾದ ಕಥೆ. ಆದರೆ ಅದರ ಇನ್ನೊಂದು ಮಗ್ಗುಲನ್ನು ಬಹಳ ಕಾಲ ಯಾರೂ ಜೋರಾಗಿ ಹೇಳಲಿಲ್ಲ. ಆ ಬೇಸಿಗೆಯಲ್ಲಿ ಮಾರ್ಮನ್ನರೊಳಗೆ ಡ್ಯಾನೈಟ್ಸ್ ಎಂಬ ಗುಟ್ಟಿನ ದಳ ಹುಟ್ಟಿತ್ತು. ಮುಖಂಡ ಸಿಡ್ನಿ ರಿಗ್ಡನ್ ಜುಲೈ 4ರಂದು, ನಮ್ಮ ಮೇಲೆ ಬಂದರೆ ನಿರ್ನಾಮದ ಯುದ್ಧವೇ ಆಗುತ್ತದೆ ಎಂಬ ಅರ್ಥದಲ್ಲಿ ಭಾಷಣ ಮಾಡಿದ್ದರು. "ನಿರ್ನಾಮ" ಎಂಬ ಪದ ಗವರ್ನರ್ ಬಾಯಿಗೆ ಬರುವ ಮೊದಲೇ ಆ ಊರುಗಳಲ್ಲಿ ಓಡಾಡುತ್ತಿತ್ತು. ಅಕ್ಟೋಬರ್ ಮಧ್ಯದಲ್ಲಿ ಮಾರ್ಮನ್ ಪಡೆಯೇ ಗ್ಯಾಲಟಿನ್ ಎಂಬ ಊರಿಗೆ ನುಗ್ಗಿ ಲೂಟಿ ಮಾಡಿ ಬೆಂಕಿ ಹಚ್ಚಿತ್ತು. ಇದನ್ನು ಹೇಳಿದರೆ ಹಾನ್ಸ್ ಮಿಲ್‌ನ ಹುಡುಗನ ಸಾವು ಚಿಕ್ಕದಾಗುತ್ತದಾ? ಖಂಡಿತ ಇಲ್ಲ. ಆದರೆ ಎಷ್ಟೋ ಜನ ಹಾಗೆ ಆಗುತ್ತದೆ ಅಂತ ಹೆದರಿದರು. "ನಮ್ಮನ್ನು ಹೊಡೆದರು" ಅನ್ನುವಾಗ ಕರ್ತೃ ಸ್ಪಷ್ಟ. "ಊರು ಸುಟ್ಟುಹೋಯಿತು" ಅನ್ನುವಾಗ ಕರ್ತೃ ಮಾಯ.

1844ರಲ್ಲಿ ಜೋಸೆಫ್ ಸ್ಮಿತ್ ಕೊಲೆಯಾದರು. ಅದಕ್ಕೂ ಮುಂಚಿನದನ್ನು ಸ್ವಲ್ಪ ಹೇಳುತ್ತೇನೆ. ಇಲಿನಾಯ್‌ನ ನಾವೂ ಎಂಬ ಊರಿನಲ್ಲಿ, ಚರ್ಚಿನಿಂದ ಸಿಡಿದು ಹೊರಬಂದ ಕೆಲವರು ಒಂದು ಪತ್ರಿಕೆ ತೆಗೆದರು. ನಾವೂ ಎಕ್ಸ್‌ಪೊಸಿಟರ್. ಜೂನ್ 7ರಂದು ಮೊದಲ ಸಂಚಿಕೆ. ಅದೇ ಕೊನೆಯದೂ ಆಯಿತು. ಸ್ಮಿತ್ ಗುಟ್ಟಾಗಿ ಹಲವು ಹೆಂಗಸರನ್ನು ಮದುವೆಯಾಗುತ್ತಿದ್ದಾರೆ, ಊರಿನ ಅಧಿಕಾರವೆಲ್ಲ ಒಬ್ಬರ ಕೈಯಲ್ಲೇ ಇದೆ ಅಂತ ಅದರಲ್ಲಿ ಬರೆದಿದ್ದರು. ಸ್ಮಿತ್ ಆ ಊರಿನ ಮೇಯರ್ ಕೂಡ. ಜೂನ್ 10ರಂದು ನಗರಸಭೆ ಆ ಪತ್ರಿಕೆಯನ್ನು "ಸಾರ್ವಜನಿಕ ಉಪದ್ರವ" ಅಂತ ತೀರ್ಮಾನಿಸಿತು. ಮೇಯರ್ ಆಜ್ಞೆಯಂತೆ ಜನ ಹೋಗಿ ಮುದ್ರಣಯಂತ್ರ ಒಡೆದುಹಾಕಿದರು. ಅದರ ಕೇಸಿನಲ್ಲೇ ಸ್ಮಿತ್ ಕಾರ್ಥೇಜ್ ಜೈಲಿಗೆ ಹೋದದ್ದು. ಜೂನ್ 27ರಂದು ಮುಖಕ್ಕೆ ಮಸಿ ಬಳಿದುಕೊಂಡ ಗುಂಪು ಜೈಲಿಗೆ ನುಗ್ಗಿ ಅವರನ್ನೂ ಅಣ್ಣ ಹೈರಮ್ ಅವರನ್ನೂ ಕೊಂದಿತು. ಮರುವರ್ಷ ಐದು ಜನರ ವಿಚಾರಣೆ ನಡೆಯಿತು. ಐವರೂ ಬಿಡುಗಡೆಯಾದರು. ಇಲ್ಲೂ ಕೊಂದವರಿಲ್ಲ ನೋಡಿ, ಸತ್ತವರು ಮಾತ್ರ.

ಹೀಗೆ ಪೆಟ್ಟು ತಿಂದ ಜನ ಸ್ಮಿತ್ ನಂತರ ಮುಖಂಡರಾದ ಬ್ರಿಗಮ್ ಯಂಗ್ ಅವರ ಹಿಂದೆ ಸಾವಿರಕ್ಕೂ ಹೆಚ್ಚು ಮೈಲಿ ನಡೆದು, 1847ರ ಜುಲೈನಲ್ಲಿ ಸಾಲ್ಟ್ ಲೇಕ್ ಕಣಿವೆಗೆ ಬಂದು ನೆಲೆನಿಂತರು. ಮರುಭೂಮಿಯಂಥ ಜಾಗದಲ್ಲಿ ಕಾಲುವೆ ತೋಡಿ ಹೊಲ ಮಾಡಿದರು. ಇನ್ನು ನಮ್ಮನ್ನು ಯಾರೂ ಓಡಿಸಲಾರರು ಅಂದುಕೊಂಡರು. ಹತ್ತು ವರ್ಷ ಕಳೆಯಿತು. 1857ರಲ್ಲಿ ಅಮೆರಿಕದ ಅಧ್ಯಕ್ಷ ಬುಕ್ಯಾನನ್ ಯೂಟಾಕ್ಕೆ ಸೇನೆ ಕಳುಹಿಸಿದರು, ಯಂಗ್ ಅವರನ್ನು ಗವರ್ನರ್ ಸ್ಥಾನದಿಂದ ಇಳಿಸುವುದಕ್ಕೆ. ಸುದ್ದಿ ಬಂದಾಗ ಜನರಿಗೆ ಮಿಸೌರಿಯೇ ಕಣ್ಣ ಮುಂದೆ ಬಂದಿರಬೇಕು. ಹೊರಗಿನವರಿಗೆ ಧಾನ್ಯ ಮಾರಬೇಡಿ, ಒಂದು ಕಾಳೂ ಹೊರಗೆ ಹೋಗಬಾರದು ಅಂತ ಊರೂರಿಗೆ ಹೇಳಿದರು. ಸಾಲದ್ದಕ್ಕೆ, ಚರ್ಚಿನ ಪ್ರೀತಿಯ ಮುಖಂಡ ಪಾರ್ಲಿ ಪ್ರ್ಯಾಟ್ ಅವರನ್ನು ಅದೇ ಮೇ ತಿಂಗಳಲ್ಲಿ ಅರ್ಕನ್ಸಾದಲ್ಲಿ ಒಬ್ಬ ಕೊಂದಿದ್ದ.

ಅದೇ ಹೊತ್ತಿಗೆ ಅರ್ಕನ್ಸಾದಿಂದ ಒಂದು ತಂಡ ಬಂತು. ಬೇಕರ್, ಫ್ಯಾಂಚರ್ ಮತ್ತಿತರ ಕುಟುಂಬಗಳು. ಗಾಡಿಗಳು, ನೂರಾರು ದನಗಳು, ಹೆಂಗಸರು, ತುಂಬಾ ಮಕ್ಕಳು. ಪ್ರ್ಯಾಟ್ ಕೊಲೆಗೂ ಇವರಿಗೂ ಸಂಬಂಧವಿರಲಿಲ್ಲ.

ಸೆಪ್ಟೆಂಬರ್ 7, ಸೋಮವಾರ, ಬೆಳಕು ಹರಿಯುವ ಹೊತ್ತಿಗೆ ಮೊದಲ ದಾಳಿ. ತಂಡದವರು ಗಾಡಿಗಳನ್ನು ಸುತ್ತ ನಿಲ್ಲಿಸಿ, ಗುಂಡಿ ತೋಡಿ ಒಳಗೆ ಕೂತರು. ಐದು ದಿನ ಮುತ್ತಿಗೆ. ನೀರು ಕಣ್ಣಿಗೆ ಕಾಣುವಷ್ಟು ಹತ್ತಿರ, ಆದರೆ ತರುವುದಕ್ಕೆ ಹೋದರೆ ಗುಂಡು. ಶುಕ್ರವಾರ 11ರಂದು ಜಾನ್ ಡಿ. ಲೀ ಎಂಬ ಮಾರ್ಮನ್ ಮುಖಂಡ ಬಿಳಿ ಬಾವುಟ ಹಿಡಿದವನ ಬೆನ್ನಿಗೆ ಬಂದು ಮಾತಾಡಿದ. ಮೂಲನಿವಾಸಿಗಳು ಸಿಟ್ಟಾಗಿದ್ದಾರೆ, ಬಂದೂಕು ಕೆಳಗಿಟ್ಟು ಬನ್ನಿ, ನಿಮ್ಮನ್ನು ಸೀಡರ್ ಸಿಟಿಗೆ ಸುರಕ್ಷಿತವಾಗಿ ಕರೆದುಕೊಂಡು ಹೋಗುತ್ತೇವೆ ಅಂದ. ಅವರು ನಂಬಿದರು. ಮೊದಲು ಗಾಡಿಗಳಲ್ಲಿ ಗಾಯಗೊಂಡವರು ಮತ್ತು ತೀರಾ ಸಣ್ಣ ಮಕ್ಕಳು. ಹಿಂದೆ ಹೆಂಗಸರು, ದೊಡ್ಡ ಮಕ್ಕಳು. ಕೊನೆಗೆ ಗಂಡಸರು, ಒಬ್ಬೊಬ್ಬರ ಪಕ್ಕದಲ್ಲೂ ಬಂದೂಕು ಹಿಡಿದ ಒಬ್ಬೊಬ್ಬ ಮಾರ್ಮನ್ ಸೈನಿಕ. ಸುಮಾರು ಒಂದೂವರೆ ಮೈಲಿ ಹೀಗೆ ನಡೆಸಿಕೊಂಡು ಹೋದರು. ಆಮೇಲೆ ಜಾನ್ ಹಿಗ್ಬೀ ಎಂಬ ಅಧಿಕಾರಿ "ನಿಲ್ಲಿ" ಅಂತ ಕೂಗಿ, ನಿಮ್ಮ ಕರ್ತವ್ಯ ಮಾಡಿ ಅಂದ. ಪಕ್ಕದಲ್ಲಿ ನಡೆಯುತ್ತಿದ್ದವನೇ ಪಕ್ಕದವನಿಗೆ ಗುಂಡು ಹೊಡೆದ.

ಕೆಲವೇ ನಿಮಿಷ. ಒಟ್ಟು ಸುಮಾರು 120 ಜನ. ಉಳಿದದ್ದು 17 ಮಕ್ಕಳು, ಎಲ್ಲರೂ ಆರು ವರ್ಷ ಅಥವಾ ಅದಕ್ಕಿಂತ ಕಡಿಮೆಯವರು. ನಡೆದದ್ದನ್ನು ಹೇಳಲಾರದಷ್ಟು ಚಿಕ್ಕವರು ಅಂತ ಉಳಿಸಿದರು.

ಈಗ ಜಗಳಕ್ಕೆ ಬರೋಣ.

ಮೊದಲ ಮಾತು: ಪೈಯೂಟ್ ಎಂಬ ಮೂಲನಿವಾಸಿಗಳು ಮಾಡಿದರು. ಘಟನೆಯಾದ ತಕ್ಷಣ ಹೊರಟ ಕಥೆ ಇದೇ. ಕೊಂದವರೆಲ್ಲ ಸೇರಿ, ಯಾರಿಗೂ ಹೇಳುವುದಿಲ್ಲ ಅಂತ ಆಣೆ ಮಾಡಿದರು. ಲೀ ಸಾಲ್ಟ್ ಲೇಕ್‌ಗೆ ಹೋಗಿ ಯಂಗ್ ಅವರಿಗೆ ಹೇಳಿದ ಕಥೆಯೂ ಇದೇ ಎಂದು ಆ ದಿನ ಅಲ್ಲಿದ್ದ ಚರ್ಚಿನ ಹಿರಿಯ ವಿಲ್ಫರ್ಡ್ ವುಡ್ರಫ್ ತಮ್ಮ ದಿನಚರಿಯಲ್ಲಿ ಬರೆದಿದ್ದಾರೆ. ಯಂಗ್ 1858ರ ಜನವರಿಯಲ್ಲಿ ವಾಷಿಂಗ್ಟನ್‌ಗೆ ಕಳಿಸಿದ ವರದಿಯಲ್ಲೂ ಇದೇ ಇತ್ತು. ಕೆಲವು ಪೈಯೂಟರನ್ನು ಮಾರ್ಮನ್ ಮುಖಂಡರು ಕರೆತಂದಿದ್ದರು ಎನ್ನುವುದಕ್ಕೆ ಸಾಕ್ಷಿಗಳಿವೆ. ಎಷ್ಟು ಜನ, ಏನು ಮಾಡಿದರು ಎನ್ನುವುದು ಇವತ್ತಿಗೂ ತೀರದ ವಾದ. ನಮ್ಮವರು ಕೊಲ್ಲಲಿಲ್ಲ, ದೂರದಿಂದ ನೋಡಿದರು ಎಂದು ಪೈಯೂಟರ ಹಿರಿಯರು ತಲೆಮಾರಿನಿಂದ ತಲೆಮಾರಿಗೆ ಹೇಳುತ್ತಾ ಬಂದಿದ್ದಾರೆ. ಆದರೆ ಯೋಜನೆ, ಬಿಳಿ ಬಾವುಟ, ಮೋಸದ ಮಾತು, ಆಜ್ಞೆ, ಇದೆಲ್ಲ ಯಾರದು ಎನ್ನುವುದರಲ್ಲಿ ಈಗ ಯಾವ ಇತಿಹಾಸಕಾರನಿಗೂ ಅನುಮಾನ ಇಲ್ಲ. ನನಗೆ ಈ ಇಡೀ ಚರಿತ್ರೆಯಲ್ಲಿ ಅತಿ ಹೆಚ್ಚು ಸಂಕಟ ಕೊಡುವುದು ಇದು. ಪೈಯೂಟರಿಗೆ ಪತ್ರಿಕೆ ಇರಲಿಲ್ಲ, ಕೋರ್ಟಿನಲ್ಲಿ ಮಾತಾಡುವವರು ಇರಲಿಲ್ಲ. ಹೊರೆಯನ್ನು ಅವರ ತಲೆಯ ಮೇಲೆ ಇಟ್ಟು ನೂರೈವತ್ತು ವರ್ಷ ಹಾಗೇ ಬಿಟ್ಟರು.

ಎರಡನೆಯ ಮಾತು: ಅರ್ಕನ್ಸಾದವರೇ ಕೆಣಕಿದರು. ಊರುಗಳನ್ನು ಬೈದರು, ನೀರಿನ ಬುಗ್ಗೆಗೆ ವಿಷ ಹಾಕಿದರು, ಜೋಸೆಫ್ ಸ್ಮಿತ್‌ರನ್ನು ಕೊಂದ ಪಿಸ್ತೂಲು ನಮ್ಮ ಹತ್ತಿರ ಇದೆ ಎಂದು ಕೊಚ್ಚಿಕೊಂಡರು ಅಂತ. ಇದರಲ್ಲಿ ಬಹಳಷ್ಟು ಆಮೇಲೆ ಬೆಳೆದ ಮಾತು. ಧಾನ್ಯ ಕೊಡದ ಊರುಗಳಲ್ಲಿ ಮಾತಿಗೆ ಮಾತು ಬೆಳೆದಿರಬಹುದು. ಅಷ್ಟಕ್ಕೆ ಮಕ್ಕಳನ್ನು ಕೊಲ್ಲುತ್ತಾರಾ? ಇದನ್ನು ನಾನು ಹೆಚ್ಚು ಎಳೆಯುವುದಿಲ್ಲ.

ಮೂರನೆಯದೇ ದೊಡ್ಡದು. ಬ್ರಿಗಮ್ ಯಂಗ್ ಆದೇಶ ಕೊಟ್ಟಿದ್ದರಾ?

ಸೀಡರ್ ಸಿಟಿಯ ಮುಖಂಡ ಐಸಾಕ್ ಹೈಟ್ ಸೋಮವಾರ ಜೇಮ್ಸ್ ಹ್ಯಾಸ್ಲಮ್ ಎಂಬ ಸವಾರನನ್ನು ಯಂಗ್ ಹತ್ತಿರ ಕಳಿಸಿದ, ಏನು ಮಾಡಬೇಕು ಅಂತ ಕೇಳುವುದಕ್ಕೆ. ಸುಮಾರು 250 ಮೈಲಿ. ಕುದುರೆ ಬದಲಿಸುತ್ತಾ ಹೋಗಿ 10ನೇ ತಾರೀಕು ತಲುಪಿದ. ಯಂಗ್ ಅವತ್ತೇ ಉತ್ತರ ಬರೆಸಿದರು. ಆ ತಂಡದ ಗೊಡವೆಗೆ ಹೋಗಬೇಡಿ ಅಂತ ಅದರಲ್ಲಿ ಸ್ಪಷ್ಟವಾಗಿದೆ. ಮುಂದಿನ ಸಾಲಿನಲ್ಲಿ, ಮೂಲನಿವಾಸಿಗಳು ತಮಗೆ ತೋಚಿದ್ದು ಮಾಡುತ್ತಾರೆ ಎಂದು ನಾವು ಎಣಿಸುತ್ತೇವೆ, ಆದರೂ ನೀವು ಅವರ ಜೊತೆ ಚೆನ್ನಾಗಿರಿ ಎಂಬ ಮಾತೂ ಇದೆ. ಹ್ಯಾಸ್ಲಮ್ ವಾಪಸ್ಸು ಬಂದದ್ದು 13ರಂದು. ಎರಡು ದಿನ ತಡ. ಪತ್ರ ಓದಿ ಹೈಟ್ ಅತ್ತ ಎನ್ನುತ್ತಾರೆ.

ಒಂದೇ ಪತ್ರ, ಎರಡು ಓದು. ಒಂದು ಪಕ್ಷದವರು ಮೊದಲ ಸಾಲನ್ನು ತೋರಿಸುತ್ತಾರೆ: ನೋಡಿ, ಬೇಡ ಅಂದಿದ್ದಾರೆ. ಇನ್ನೊಂದು ಪಕ್ಷದವರು ಎರಡನೆಯ ಸಾಲನ್ನು ತೋರಿಸುತ್ತಾರೆ: ನೋಡಿ, ಕಣ್ಸನ್ನೆ ಮಾಡಿದ್ದಾರೆ. ಜೊತೆಗೆ ಸೆಪ್ಟೆಂಬರ್ 1ರಂದು ಯಂಗ್ ಕೆಲವು ಪೈಯೂಟ್ ಮುಖಂಡರನ್ನು ಭೇಟಿಯಾಗಿ, ದಕ್ಷಿಣದ ದಾರಿಯಲ್ಲಿ ಹೋಗುವ ದನಗಳನ್ನು ನೀವು ಇಟ್ಟುಕೊಳ್ಳಿ ಎಂಬರ್ಥದ ಮಾತಾಡಿದ್ದು ದುಭಾಷಿಯ ದಿನಚರಿಯಲ್ಲಿದೆ. ಇದೇ ಆದೇಶ ಅಂತ 2002ರಲ್ಲಿ ವಿಲ್ ಬ್ಯಾಗ್ಲಿ ಎಂಬ ಇತಿಹಾಸಕಾರ ವಾದಿಸಿದರು. 2008ರಲ್ಲಿ ಚರ್ಚಿಗೆ ಸೇರಿದ ಮೂವರು ಇತಿಹಾಸಕಾರರು ಇಲ್ಲ ಅಂದರು, ಕೊಲೆಯ ನಿರ್ಧಾರ ಸೀಡರ್ ಸಿಟಿಯಲ್ಲೇ ಆಯಿತು, ಒಂದು ತಪ್ಪನ್ನು ಮುಚ್ಚಲು ಇನ್ನೊಂದು ಅಂತ ಬೆಳೆಯಿತು ಎಂದು ದಾಖಲೆ ಮುಂದಿಟ್ಟರು.

ನನ್ನ ಓದು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಕೊಲ್ಲಿ ಎಂಬ ಆದೇಶ ಯಂಗ್ ಅವರಿಂದ ಬಂದಿತ್ತು ಎನ್ನುವುದಕ್ಕೆ ಸಾಕಷ್ಟು ಸಾಕ್ಷಿ ನನಗೆ ಕಾಣುವುದಿಲ್ಲ. ಆದೇಶ ಮೊದಲೇ ಇದ್ದಿದ್ದರೆ ಹೈಟ್ ಯಾಕೆ ಸವಾರನನ್ನು ಓಡಿಸುತ್ತಿದ್ದ? ಆದರೆ ಸಿಟ್ಟಿನ ಪ್ರವಚನಗಳಿಂದ ಆ ನೆಲವನ್ನು ಒಣ ಹುಲ್ಲಿನ ಹಾಗೆ ಮಾಡಿದವರಲ್ಲಿ ಅವರೂ ಒಬ್ಬರು. ನಂತರದ ಇಪ್ಪತ್ತು ವರ್ಷ ನಿಜವನ್ನು ಮುಚ್ಚಿಟ್ಟ ಹೊಣೆಯಿಂದಂತೂ ಅವರನ್ನು ಬಿಡಲಾಗದು. 1859ರಲ್ಲಿ ಮೇಜರ್ ಕಾರ್ಲ್‌ಟನ್ ಎಂಬ ಸೇನಾಧಿಕಾರಿ ಅಲ್ಲಿ ಚೆಲ್ಲಿದ್ದ ಮೂಳೆಗಳನ್ನು ಆಯ್ದು ಹೂತು, ಕಲ್ಲುಗುಡ್ಡೆ ಮಾಡಿ, ಮೇಲೊಂದು ಶಿಲುಬೆ ನಿಲ್ಲಿಸಿದ್ದರು. "ಸೇಡು ನನ್ನದು, ನಾನೇ ತೀರಿಸುತ್ತೇನೆ ಎನ್ನುತ್ತಾನೆ ದೇವರು" ಎಂಬ ಬೈಬಲ್ ವಾಕ್ಯ ಅದರ ಮೇಲಿತ್ತು. 1861ರಲ್ಲಿ ಯಂಗ್ ಅಲ್ಲಿಗೆ ಹೋದರು. ಅದು "ಸೇಡು ನನ್ನದು, ಸ್ವಲ್ಪ ತೀರಿಸಿದ್ದೇನೆ" ಅಂತಿರಬೇಕು ಎಂದು ಅವರು ಹೇಳಿದ್ದನ್ನು ವುಡ್ರಫ್ ಬರೆದಿಟ್ಟಿದ್ದಾರೆ. ಆಮೇಲೆ ಆ ಕಲ್ಲುಗುಡ್ಡೆ ಉಳಿಯಲಿಲ್ಲ. ಯಂಗ್ ಮಾತಾಡಲಿಲ್ಲ, ಸುಮ್ನೆ ಕೈ ಎತ್ತಿದರು, ಐದು ನಿಮಿಷದಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಯಲಿಲ್ಲ ಎಂದು ಜೊತೆಗಿದ್ದ ಡಡ್ಲಿ ಲೀವಿಟ್ ಹೇಳಿದ್ದಾನೆ. ಈ ಹೆಸರು ನೆನಪಿಟ್ಟುಕೊಳ್ಳಿ.

1874ರಲ್ಲಿ ಒಂಬತ್ತು ಜನರ ಮೇಲೆ ಆರೋಪ ಹೊರಿಸಿದರು. ಶಿಕ್ಷೆಯಾದದ್ದು ಒಬ್ಬನಿಗೆ. 1877ರ ಮಾರ್ಚ್ 23ರಂದು ಜಾನ್ ಲೀಯನ್ನು ಅದೇ ಹುಲ್ಲುಗಾವಲಿಗೆ ಕರೆತಂದು, ಅವನ ಶವಪೆಟ್ಟಿಗೆಯ ಮೇಲೆಯೇ ಕೂರಿಸಿ ಗುಂಡು ಹೊಡೆದರು. ನನ್ನನ್ನು ಬಲಿ ಕೊಟ್ಟರು ಅಂತ ಸಾಯುವ ಮುಂಚೆ ಅವನು ಹೇಳಿದ. ಅವನು ಯಂಗ್ ಅವರಿಗೆ ಧರ್ಮದ ಪ್ರಕಾರ ದತ್ತುಮಗ ಕೂಡ. ಲೀ ನಿರಪರಾಧಿ ಅಲ್ಲ. ಆದರೆ ಐವತ್ತಕ್ಕೂ ಹೆಚ್ಚು ಗಂಡಸರು ಮಾಡಿದ ಕೆಲಸಕ್ಕೆ ಒಬ್ಬನ ಹೆಸರು ಬರೆದು ಲೆಕ್ಕ ಮುಗಿಸಿದರು. 1932ರಲ್ಲಿ ಹಾಕಿದ ಫಲಕದಲ್ಲೂ ಹಾಗೇ ಇತ್ತು, ಬಿಳಿಯರೂ ಮೂಲನಿವಾಸಿಗಳೂ ದಾಳಿ ಮಾಡಿದರು ಅಂತ ಹೇಳಿ, ಹೆಸರು ಕೊಟ್ಟಿದ್ದು ಲೀ ಒಬ್ಬನದೇ. 1990ರ ಕಲ್ಲಿಗೆ ಬಂದಾಗ ಆ "ಬಿಳಿಯರೂ" ಕೂಡ ಹೋಗಿತ್ತು.

ಇನ್ನು ನಾನು ನಿಜವಾಗಿ ಹೇಳಬೇಕೆಂದು ಬಂದಿರುವ ಹೆಂಗಸಿನ ಬಗ್ಗೆ ಹೇಳುತ್ತೇನೆ. ಜ್ವಾನಿಟಾ ಬ್ರೂಕ್ಸ್.

1919. ನೆವಾಡಾದ ಮೆಸ್ಕೀಟ್ ಎಂಬ ಸಣ್ಣ ಊರಿನಲ್ಲಿ ಇಪ್ಪತ್ತರ ಆಸುಪಾಸಿನ ಟೀಚರ್. ಮಾರ್ಮನ್ ಮನೆಯ ಮಗಳು, ಭಕ್ತಿ ಇದ್ದವರು. ಒಂದು ದಿನ ನೆಫೈ ಜಾನ್ಸನ್ ಎಂಬ ಎಂಬತ್ತು ದಾಟಿದ ಮುದುಕ ಅವರ ಹತ್ತಿರ ಬಂದ. ಚರ್ಚಿನಲ್ಲಿ ಎಲ್ಲರೂ ಗೌರವಿಸುವ ಹಿರಿಯ. ನನಗಾಗಿ ಸ್ವಲ್ಪ ಬರೆದುಕೊಡಬೇಕಮ್ಮ, ನನ್ನ ಕಣ್ಣು ಕಂಡದ್ದನ್ನು ನಾಲಿಗೆ ಇದುವರೆಗೆ ಆಡಿಲ್ಲ, ಸಾಯುವ ಮೊದಲು ಬರೆದಿಡಬೇಕು ಅಂದ. ಆಗಲಿ ಅಂದರು. ಶಾಲೆಯ ಕೆಲಸ, ಇವತ್ತು ನಾಳೆ ಅಂತ ದಿನ ಹೋಯಿತು. ಮುದುಕನಿಗೆ ಹುಷಾರಿಲ್ಲ ಅಂತ ಸುದ್ದಿ ಬಂದಾಗ ಓಡಿಹೋದರು. ಅಷ್ಟರಲ್ಲಿ ಅವನಿಗೆ ಜ್ಞಾನ ತಪ್ಪಿತ್ತು. ಬಡಬಡಿಸುತ್ತಿದ್ದ, ಪ್ರಾರ್ಥನೆ ಮಾಡುತ್ತಿದ್ದ, ನಡುನಡುವೆ ಕಣ್ಣು ಬಿಟ್ಟು "ರಕ್ತ! ರಕ್ತ! ರಕ್ತ!" ಅಂತ ಕೂಗುತ್ತಿದ್ದ. ಇವರಿಗೆ ಏನೂ ಅರ್ಥವಾಗಲಿಲ್ಲ. ಏನಿದು ಅಂತ ಕೇಳಿದಾಗ ಅಲ್ಲಿದ್ದವರು ಹೇಳಿದರು: ಅವನು ಮೌಂಟನ್ ಮೆಡೋಸ್‌ನಲ್ಲಿ ಇದ್ದವನು.

ನಾನು ಟೀಚರ್ ಆಗಿದ್ದವನಾದ್ದರಿಂದಲೋ ಏನೋ, ಈ ಭಾಗ ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕೂತೆ. ನಾಳೆ ಬರ್ತೀನಿ ತಾತ ಅಂತ ನಾವೂ ಎಷ್ಟು ಜನಕ್ಕೆ ಹೇಳಿರುತ್ತೇವೆ.

ಬ್ರೂಕ್ಸ್ ಆಮೇಲೆ ಬದುಕಿನ ಬಹುಪಾಲು ಇದಕ್ಕೇ ಕೊಟ್ಟರು. ಸೇಂಟ್ ಜಾರ್ಜ್ ಊರಿನಲ್ಲಿ ಸಂಸಾರ, ಮಕ್ಕಳ ದಂಡು. ಮನೆಮನೆಗೆ ಹೋಗಿ ಹಳೆಯ ದಿನಚರಿಗಳನ್ನು ಹುಡುಕಿ ನಕಲು ಮಾಡಿದರು. ಯಾರಾದರೂ ಬಂದರೆ ಟೈಪ್‌ರೈಟರನ್ನು ಇಸ್ತ್ರಿ ಬಟ್ಟೆಗಳ ಕೆಳಗೆ ಮುಚ್ಚಿಡುತ್ತಿದ್ದರಂತೆ. ಚರ್ಚಿನ ಕಚೇರಿಯಲ್ಲಿ ಸಾಕ್ಷಿಗಳ ಹೇಳಿಕೆಗಳಿವೆ ಎಂದು ಗೊತ್ತಾಗಿ ಸಾಲ್ಟ್ ಲೇಕ್‌ವರೆಗೆ ಹೋದರೆ, ತೋರಿಸಲು ಒಪ್ಪಲಿಲ್ಲ. ಹುಡುಕುತ್ತಾ ಹೋದಾಗ ಸ್ವಂತ ಅಜ್ಜನೂ ಆ ಗುಂಪಿನ ಜೊತೆ ಹೋಗಿದ್ದವನು ಎಂದು ತಿಳಿಯಿತು. ಆ ಅಜ್ಜನೇ ಡಡ್ಲಿ ಲೀವಿಟ್.

1950ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಕಾಶನ ಅವರ ಪುಸ್ತಕ ತಂದಿತು. ಮಾರ್ಮನ್ ಸೈನಿಕರು ಕೊಂದರು, ಸ್ಥಳೀಯ ಮುಖಂಡರು ಮಾಡಿಸಿದರು, ಯಂಗ್ ಆದೇಶ ಕೊಟ್ಟಿದ್ದಕ್ಕೆ ಸಾಕ್ಷಿ ಇಲ್ಲ, ಆದರೆ ಆಮೇಲೆ ಮುಚ್ಚಿಟ್ಟದ್ದರಲ್ಲಿ ಅವರೂ ಇದ್ದಾರೆ ಅಂತ ಬರೆದರು. ಪೂರ್ತಿ ಕರ್ತರಿ ಪ್ರಯೋಗ. ಚರ್ಚ್ ಅವರನ್ನು ಹೊರಗೆ ಹಾಕಲಿಲ್ಲ. ಆದರೆ ಊರಿನಲ್ಲಿ ಮುಖ ತಿರುಗಿಸಿಕೊಂಡವರು ಇದ್ದರು. ಅವರು ಚರ್ಚ್ ಬಿಡಲಿಲ್ಲ, ಪುಸ್ತಕವನ್ನೂ ಬಿಡಲಿಲ್ಲ. 1961ರಲ್ಲಿ ಚರ್ಚ್ ಸದ್ದಿಲ್ಲದೆ ಲೀಯ ಸದಸ್ಯತ್ವವನ್ನು ಮರಳಿ ಕೊಟ್ಟಿತು. ಅದನ್ನು ಅಚ್ಚು ಹಾಕಬೇಡಿ ಅಂತ ಮೇಲಿನಿಂದ ಒತ್ತಡ ಬಂದಾಗಲೂ ಬ್ರೂಕ್ಸ್ ಅಚ್ಚು ಹಾಕಿದರು.

ಬಹುಪತ್ನಿತ್ವದ ಜಗಳವನ್ನು ಬೇಗ ಮುಗಿಸುತ್ತೇನೆ, ಅದಕ್ಕೇ ಬೇರೆ ದಿನ ಬೇಕು. ಜೋಸೆಫ್ ಸ್ಮಿತ್ 1844ರ ಮೇ ತಿಂಗಳಲ್ಲಿ ಸಭೆಯ ಮುಂದೆ, ನನಗೆ ಏಳು ಹೆಂಡಿರು ಅನ್ನುತ್ತಾರೆ, ನನಗೆ ಕಾಣುವುದು ಒಬ್ಬಳೇ ಅಂದಿದ್ದರು. ಹೆಂಡತಿ ಎಮ್ಮಾ ಸಾಯುವ ವರ್ಷ, 1879ರಲ್ಲಿ, ಮಗ ಕೇಳಿದಾಗ ನಿಮ್ಮಪ್ಪನಿಗೆ ನನ್ನ ಬಿಟ್ಟು ಬೇರೆ ಹೆಂಡತಿ ಇರಲಿಲ್ಲ ಅಂದರು. ಆ ಮಗ ಮುನ್ನಡೆಸಿದ ಇನ್ನೊಂದು ಚರ್ಚ್ ನೂರು ವರ್ಷ ಅದನ್ನೇ ಹೇಳಿತು. ಇತ್ತ 1869ರಲ್ಲಿ ಮತ್ತು 1892ರಲ್ಲಿ, ನಾವು ಅವರನ್ನು ಮದುವೆಯಾಗಿದ್ದೆವು ಅಂತ ಹೆಂಗಸರು ಪ್ರಮಾಣ ಮಾಡಿ ಹೇಳಿಕೆ ಕೊಟ್ಟರು. ಎಮಿಲಿ ಪಾರ್ಟ್ರಿಜ್ ಅವರಲ್ಲಿ ಒಬ್ಬರು. ಎಮ್ಮಾ ಒಪ್ಪಿ ಮುಂದೆ ನಿಂತು ಮಾಡಿಸಿದ ಮದುವೆ ಅವರದು, ಆದರೆ ಅದಕ್ಕೂ ಮುಂಚೆಯೇ ಎಮ್ಮಾಗೆ ಗೊತ್ತಿಲ್ಲದೆ ಒಂದು ಸಲ ಆಗಿಹೋಗಿತ್ತು. 2014ರಲ್ಲಿ ಯೂಟಾದ ಚರ್ಚ್ ತಾನೇ ಒಂದು ಪ್ರಬಂಧ ಪ್ರಕಟಿಸಿ, ಹೆಂಡಿರ ಸಂಖ್ಯೆ 30ರಿಂದ 40 ಇರಬಹುದು, ಹೆಲೆನ್ ಮಾರ್ ಕಿಂಬಲ್ ಎಂಬ ಹುಡುಗಿಗೆ ಇನ್ನೂ ಹದಿನೈದು ತುಂಬಿರಲಿಲ್ಲ ಎಂದು ಒಪ್ಪಿಕೊಂಡಿತು. ಮಗಳ ಪಕ್ಕದ ಮನೆಯ ಹಿರಿಯರೊಬ್ಬರು ನನಗೆ ಹೇಳಿದ್ದು: "ನಾನು ಎಪ್ಪತ್ತು ವರ್ಷ ಈ ಚರ್ಚಿನಲ್ಲಿದ್ದೇನೆ, ಇದನ್ನು ನನಗೆ ಯಾರೂ ಹೇಳಿರಲಿಲ್ಲ." ಅವರ ಧ್ವನಿಯಲ್ಲಿ ಸಿಟ್ಟಿಗಿಂತ ನೋವು ಜಾಸ್ತಿ ಇತ್ತು. ನಾನು ಏನೂ ಹೇಳಲಿಲ್ಲ. ಕಾಫಿ ಕುಡಿಯದ ಜನ ಅವರು, ನೀರು ತಂದುಕೊಟ್ಟೆ.

ಮತ್ತೆ ಹುಲ್ಲುಗಾವಲಿಗೆ. 1999ರ ಆಗಸ್ಟಿನಲ್ಲಿ ಚರ್ಚ್ ಅಲ್ಲಿ ಹೊಸ ಸ್ಮಾರಕ ಕಟ್ಟಿಸುತ್ತಿದ್ದಾಗ ಅಗೆಯುವ ಯಂತ್ರಕ್ಕೆ ಮೂಳೆಗಳು ಸಿಕ್ಕವು. ಕನಿಷ್ಠ 28 ಜನರವು. ಪರೀಕ್ಷೆ ಪೂರ್ತಿಯಾಗುವ ಮೊದಲೇ ಮತ್ತೆ ಹೂಳಬೇಕಾಯಿತು. ಸಿಕ್ಕ ಅಲ್ಪ ಸಮಯದಲ್ಲೇ ತಲೆಬುರುಡೆಗಳ ಮೇಲಿನ ಗುಂಡಿನ ತೂತುಗಳು ಕೆಲವು ಹಳೆಯ ಕಥೆಗಳನ್ನು ಅಲುಗಾಡಿಸಿದವು. ಆ ಸೆಪ್ಟೆಂಬರ್ 11ರಂದು ಸ್ಮಾರಕ ಅರ್ಪಿಸಿದ ಚರ್ಚಿನ ಅಧ್ಯಕ್ಷ ಗಾರ್ಡನ್ ಹಿಂಕ್ಲಿ ಮನಸ್ಸಿಟ್ಟು ಮಾತಾಡಿದರು, ಆದರೆ ಇದನ್ನು ಚರ್ಚ್ ತನ್ನ ಪಾಲನ್ನು ಒಪ್ಪಿಕೊಂಡ ಹಾಗೆ ತಿಳಿಯಬಾರದು ಎಂದೂ ಸೇರಿಸಿದರು.

2007, ನೂರೈವತ್ತನೇ ವರ್ಷ. ಚರ್ಚಿನ ಹಿರಿಯ ಹೆನ್ರಿ ಐರಿಂಗ್ ಅಲ್ಲೇ ನಿಂತು ಹೇಳಿಕೆ ಓದಿದರು. ಆ ಪ್ರದೇಶದ ಚರ್ಚ್ ಮುಖಂಡರು ಮತ್ತು ಅವರ ಮಾತಿನಂತೆ ನಡೆದ ಸದಸ್ಯರು ಹೊಣೆ ಅಂದರು. ಪೈಯೂಟ್ ಜನ ಇಷ್ಟು ಕಾಲ ಅನ್ಯಾಯವಾಗಿ ಮುಖ್ಯ ಆರೋಪ ಹೊತ್ತರು, ಅವರಿಗೆ ಬೇರೆಯಾಗಿ ವಿಷಾದ ಹೇಳಬೇಕು ಅಂದರು. "ಕ್ಷಮೆ" ಎಂಬ ಪದ ಅದರಲ್ಲಿ ಇರಲಿಲ್ಲ, "ಆಳವಾದ ವಿಷಾದ" ಇತ್ತು. ಕ್ಷಮೆ ಯಾಕಿಲ್ಲ ಎಂದು ಕೇಳಿದವರ ಜೊತೆ ನಾನೂ ಇದ್ದೇನೆ. ಆದರೂ ಕರ್ತೃಪದ ಬಂತು. ನೂರೈವತ್ತು ವರ್ಷಕ್ಕೆ ಬಂತು.

ಮಾತು ಮುಗಿಸುವಾಗ ಹಿಂದಿನ ಸಾಲಿನಿಂದ ಒಬ್ಬ ತಾಯಿ ಕೇಳಿದರು: "ಸಾರ್, ಆ ಹದಿನೇಳು ಮಕ್ಕಳು ಏನಾದರು?" ಒಳ್ಳೆಯ ಪ್ರಶ್ನೆ, ನಾನೇ ಹೇಳಬೇಕಿತ್ತು.

ಅವರನ್ನು ಮಾರ್ಮನ್ ಮನೆಗಳಲ್ಲಿ ಇಟ್ಟಿದ್ದರು. ಎರಡು ವರ್ಷದ ನಂತರ, 1859ರಲ್ಲಿ, ಜೇಕಬ್ ಫಾರ್ನಿ ಎಂಬ ಸರ್ಕಾರಿ ಅಧಿಕಾರಿ ಹುಡುಕಿ ಒಟ್ಟುಗೂಡಿಸಿ ಅರ್ಕನ್ಸಾದ ಅಜ್ಜ ಅಜ್ಜಿ, ಚಿಕ್ಕಪ್ಪ ಚಿಕ್ಕಮ್ಮಂದಿರ ಹತ್ತಿರ ಕಳಿಸಿದರು. ಮಕ್ಕಳನ್ನು ಮೂಲನಿವಾಸಿಗಳಿಂದ ದುಡ್ಡು ಕೊಟ್ಟು ಬಿಡಿಸಿಕೊಂಡೆವು ಅಂತ ಕೆಲವರು ಸರ್ಕಾರಕ್ಕೆ ಬಿಲ್ಲು ಕೊಟ್ಟಿದ್ದರು. ಮಕ್ಕಳು ಅವರ ಹತ್ತಿರ ಒಂದು ದಿನವೂ ಇರಲಿಲ್ಲ ಎಂದು ಫಾರ್ನಿ ಬರೆದರು. ಡನ್ಲಪ್ ಮನೆಯ ಮೂವರು ಅಕ್ಕತಂಗಿಯರು ಒಟ್ಟಿಗೆ ಉಳಿದಿದ್ದರು. ಕೊನೆಯ ಕೂಸು ಸಾರಾಳಿಗೆ ಒಂದು ವರ್ಷ, ತೋಳಿಗೆ ಗುಂಡು ಬಿದ್ದಿತ್ತು. ಆರು ವರ್ಷದ ಅಕ್ಕ ರೆಬೆಕಾ ಅವಳನ್ನು ಎತ್ತಿಕೊಂಡಿದ್ದಳು. ಫ್ಯಾಂಚರ್ ಮನೆಯ ಐದು ವರ್ಷದ ಹುಡುಗ ಊರಿಗೆ ಹೋದ ಮೇಲೆ ಹೇಳಿದ್ದು ಅಂತ ಅರ್ಕನ್ಸಾದ ಮನೆಗಳಲ್ಲಿ ಒಂದು ಮಾತು ಉಳಿದುಬಂದಿದೆ: ನಮ್ಮಪ್ಪನನ್ನು ಮೂಲನಿವಾಸಿಗಳು ಕೊಂದರು, ಆಮೇಲೆ ಅವರು ಮುಖ ತೊಳೆದುಕೊಂಡರು, ಬಿಳಿಯರಾದರು.